ನೀರು ನಿಲ್ಲುವ ಜಾಗ

ರಸ್ತೆ ಬೆಳೆಯುತ್ತದೆ. ನಂಬದಿದ್ದರೆ ಡಾಂಬರು ಕೇರಿಗೆ ಬಂದು ನೋಡಬೇಕು. ಅಲ್ಲಿ ಯಾರೂ ಮನೆಯಿಂದ ಬೀದಿಗೆ ಇಳಿಯುವುದಿಲ್ಲ, ಹತ್ತುತ್ತಾರೆ. ಮೊದಲು ಹೊಸ್ತಿಲು ದಾಟಿದರೆ ಬೀದಿ ಸಿಗುತ್ತಿತ್ತು. ಆಮೇಲೆ ಒಂದು ಮೆಟ್ಟಿಲು ಬೇಕಾಯಿತು. ಈಗ ಮುದುಕರು ಬಾಗಿಲ ಚೌಕಟ್ಟು ಹಿಡಿದು, ಮಂಡಿಯ ಮೇಲೆ ಕೈಯೂರಿ, ಉಸ್ಸಪ್ಪಾ ಎಂದು ಬೀದಿಗೆ ಬರುತ್ತಾರೆ. ಮಳೆನೀರಿಗೆ ಅಷ್ಟು ಕಷ್ಟವಿಲ್ಲ. ಅದು ಸಲೀಸಾಗಿ ಒಳಗೆ ಇಳಿಯುತ್ತದೆ.

ಇದು ಕೇರಿಯವರು ಕೈಯಾರೆ ಮಾಡಿಕೊಂಡದ್ದು. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು? ಊರಿನ ರಸ್ತೆಗಳಿಗೆಲ್ಲ ಡಾಂಬರು ಹಾಕುವವರು ಇವರೇ. ಇವರಲ್ಲಿ ಒಂದು ಪದ್ಧತಿ ಇತ್ತು. ದಿನದ ಕೊನೆಯ ಬಾಂಡ್ಲಿ ಮಾಲು ಗ್ಯಾಂಗಿನದು. ಲಾರಿಯ ತಳಕ್ಕೆ ಹತ್ತಿಕೊಂಡು ಉಳಿದ ಡಾಂಬರು ಜಲ್ಲಿಯನ್ನು ಕೆರೆದು, ಬಿಸಿ ಆರುವ ಮೊದಲು ಓಡೋಡಿ ತಂದು, ತಮ್ಮ ಮನೆಗಳ ಮುಂದೆ ಸುರಿದು ತಟ್ಟುತ್ತಿದ್ದರು. ಊರೆಲ್ಲ ಗುಂಡಿ, ಇವರ ಬೀದಿ ಮಾತ್ರ ಕನ್ನಡಿ. ಅಕ್ಕಪಕ್ಕದ ಕೇರಿಯವರು ಹೊಟ್ಟೆ ಉರಿದುಕೊಂಡರು. ಇವರು ಮೆರೆದರು. ಹಾಕಿದ್ದರ ಮೇಲೆಯೇ ಹಾಕಿದರು, ವರ್ಷಗಟ್ಟಲೆ ಹಾಕಿದರು. ಪ್ರೀತಿಯಿಂದ ಬೀದಿ ಏರಿಸಿ ಮನೆ ತಗ್ಗಿಸಿಕೊಂಡರು. ಬೇರೆ ಕಸುಬಿನವರು ಇಂಥ ತಪ್ಪು ಮಾಡಬೇಕೆಂದರೂ ಆಗುವುದಿಲ್ಲ, ಅವರ ಹತ್ತಿರ ಮಾಲೆಲ್ಲಿ?

ಆದರೂ ನೀರಿಗೊಂದು ದಾರಿ ಇತ್ತು. ಕೇರಿಯ ಕೊನೆಯಲ್ಲಿ ಅಡ್ಡಕ್ಕೆ ಹೆದ್ದಾರಿ. ಹೆದ್ದಾರಿಯ ಹೊಟ್ಟೆಯೊಳಗೆ ಹಳೇ ಕಲ್ಲಿನ ಮೋರಿ, ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು. ದಿಣ್ಣೆಯಿಂದ ಇಳಿದ ನೀರು ಕೇರಿಯೊಳಗೆ ಬಂದು, ಮನೆಮನೆ ಹೊಕ್ಕು, ಪಾತ್ರೆ ಪರಡಿ ತೇಲಿಸಿ, ಕೊನೆಗೆ ಆ ಮೋರಿಯಲ್ಲಿ ನುಸುಳಿ ಆಚೆಗೆ ಹೋಗುತ್ತಿತ್ತು. ಬರುತ್ತಿತ್ತು, ಹೋಗುತ್ತಿತ್ತು. ಹೋಗುತ್ತಿತ್ತು ಎನ್ನುವುದರಿಂದಲೇ ಕೇರಿಯ ಜನ ಬದುಕಿದ್ದರು.

ಮೋರಿಯ ಬಾಯಿಗೆ ಅಂಟಿಕೊಂಡಂತೆ ಇರುವ ಮೊದಲ ಮನೆಯೇ ಕೂಗಕ್ಕನದು. ಹೆತ್ತವರು ಇಟ್ಟ ಹೆಸರು ಏನೋ ಇತ್ತು, ಅದು ಯಾರಿಗೆ ಬೇಕು? ಗ್ಯಾಂಗಿಗೆ ಕೂಗುವವಳು, ಆದ್ದರಿಂದ ಕೂಗಕ್ಕ. ಲಾರಿಯಿಂದ ಇಳಿದ ಮಾಲಿಗೆ ಆಯಸ್ಸು ಕಡಿಮೆ. ಹೊಗೆಯಾಡುತ್ತಿರುವಾಗಲೇ ಎಳೆಯಬೇಕು, ಹರಡಬೇಕು, ತಟ್ಟಬೇಕು. ಒಬ್ಬ ಮುಂದೆ ಒಬ್ಬ ಹಿಂದೆ ಆದರೆ ರಸ್ತೆ ಗಂಟು ಕಟ್ಟುತ್ತದೆ, ಸಲಿಕೆ ಪಕ್ಕದವನ ಪಾದಕ್ಕೆ ಬೀಳುತ್ತದೆ. ಅದಕ್ಕೇ ಕೂಗು. ‘ಎಳೆಯೋ ಎಳೆ!’ ಎಂದು ಅವಳು ಎತ್ತಿದರೆ, ‘ಹೈಸಾ!’ ಎಂದು ಗ್ಯಾಂಗು ಓಗೊಡುತ್ತದೆ. ಆ ಹೈಸಾದ ಮೇಲೆ ಸಲಿಕೆಗಳೆಲ್ಲ ಒಟ್ಟಿಗೆ ಬೀಳುತ್ತವೆ. ಕೂಗಿಲ್ಲದೆ ಅಲ್ಲಿ ಯಾರ ಕೈಯೂ ಏಳುವುದಿಲ್ಲ.

ಕಾಲಿಗೆ ಟೈರಿನ ಚಪ್ಪಲಿ, ಅದರ ಮೇಲೆ ಗೋಣಿತಾಟು. ಅಂಗೈಯಲ್ಲಿ ಚರ್ಮವಿಲ್ಲ, ಇರುವುದೆಲ್ಲ ಜಡ್ಡು. ಹೊಗೆ ಕುಡಿದು ಗಂಟಲು ಸದಾ ಕೆರೆಯುತ್ತದೆ. ಅದೇ ಗಂಟಲಿನಿಂದ ಕೂಗಬೇಕು. ಈಗೀಗ ಬಿಸಿಲು ಕೆಟ್ಟಿದೆ. ಕೆಳಗೆ ಕುದಿಯುವ ಡಾಂಬರು, ಮೇಲೆ ಕುದಿಯುವ ಆಕಾಶ. ಹಾಕಿದ ರಸ್ತೆ ಮಧ್ಯಾಹ್ನಕ್ಕೆ ಕರಗಿ ಲಾರಿಯ ಚಕ್ರಕ್ಕೆ ಅಂಟಿ ಎದ್ದು ಬರುತ್ತದೆ. ಮಳೆಯೂ ಕೆಟ್ಟಿದೆ. ಬಂದರೆ ಆಕಾಶ ಹರಿದು ಬಿದ್ದ ಹಾಗೆ ಬಂದು, ಬಿಸಿಲಿಗೆ ಸಡಿಲಾದ ರಸ್ತೆಯನ್ನು ಚಾಪೆ ಸುತ್ತಿದಂತೆ ಸುತ್ತಿಕೊಂಡು ಹೋಗುತ್ತದೆ. ಮತ್ತೆ ಹಾಕು. ಮತ್ತೆ ಕರಗಲಿ, ಮತ್ತೆ ಕೊಚ್ಚಿಹೋಗಲಿ, ಮತ್ತೆ ಹಾಕು. ಪ್ರತಿ ಸಲವೂ ಬೇಗ ಬೇಗ ಎನ್ನುವ ಗದರಿಕೆ.

ಆ ಬೇಗ ಬೇಗದಲ್ಲೇ ಕೂಗಕ್ಕನ ತಂಗಿಯ ಕಾಲು ಹೋದವು. ಮಳೆ ಬರುವುದರೊಳಗೆ ಮುಗಿಯಬೇಕೆಂದು ಬಾಯ್ಲರಿಗೆ ಬೆಂಕಿ ಹೆಚ್ಚಿಸಿದ್ದರು. ಅದು ಉಗುಳಿತು. ಡಾಂಬರು ಮೈಗೆ ಬಿದ್ದರೆ ಒರೆಸುವ ಹಾಗಿಲ್ಲ, ಒರೆಸಿದರೆ ಚರ್ಮವೂ ಜೊತೆಗೇ ಬರುತ್ತದೆ. ಕಂಟ್ರಾಕ್ಟರ್ ಆಸ್ಪತ್ರೆಗೆ ಬಂದು ಒಂದು ಚಿಪ್ಪು ಬಾಳೆಹಣ್ಣು ಇಟ್ಟು, ಮೂಗು ಮುಚ್ಚಿಕೊಂಡು ಹೋದ. ಅಂದಿನಿಂದ ತಂಗಿ ಮಂಚದ ಮೇಲೆ. ಬಾಯಿ ಮಾತ್ರ ಮೊದಲಿನ ಹಾಗೆಯೇ ಗಟ್ಟಿ. ಬೀದಿ ಏರಿ ಏರಿ ಕಿಟಕಿಯ ಮಟ್ಟಕ್ಕೆ ಬಂದಿದ್ದರಿಂದ ಅವಳಿಗೆ ಕಾಣುವುದು ಓಡಾಡುವವರ ಪಾದಗಳಷ್ಟೇ. ‘ನನಗೆ ಚಪ್ಪಲಿಗಳೇ ನೆಂಟರು ಕಣೇ’ ಎಂದು ನಗುತ್ತಾಳೆ.

ಹೋದ ಮಳೆಯಲ್ಲಿ ನೀರು ಮಂಚ ಮುಳುಗಿಸಿತು. ಕೂಗಕ್ಕ ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೊರಗಿ ನಿಂತಳು. ಸೊಂಟದವರೆಗೆ ನೀರು. ಹೊರಗೆ ಮೋರಿ ಗಳಗಳ ಎನ್ನುತ್ತಿತ್ತು. ಆ ಸದ್ದು ಇರುವವರೆಗೆ ನೀರು ಹೋಗುತ್ತಿದೆ ಎಂದು ಧೈರ್ಯ. ಮಳೆ ನಿಲ್ಲುವವರೆಗೂ ಅಕ್ಕತಂಗಿಯರು ತುಟಿ ಪಿಟಕ್ಕೆನ್ನದೆ ಆ ಸದ್ದನ್ನೇ ಕೇಳುತ್ತಾ ನಿಂತಿದ್ದರು.

ಈಗ ಆ ದಿನದ ಮಾತಿಗೆ ಬರುತ್ತೇನೆ.

ಬೆಳಗ್ಗೆಯೇ ಸೆಕೆ. ದಿಣ್ಣೆಯ ಮೇಲೆ ಮೋಡ ಕಟ್ಟುತ್ತಿತ್ತು. ಕೂಗಕ್ಕ ಎದ್ದಾಗಿನಿಂದ ನಿಂತಲ್ಲಿ ನಿಲ್ಲಲಿಲ್ಲ. ಒಲೆ ಹತ್ತಿಸಿದಳು, ಆರಿಸಿದಳು. ಬಾಗಿಲಿಗೆ ಹೋದಳು, ಬಂದಳು.

“ಅಕ್ಕಾ, ಸ್ವಲ್ಪ ಕೂರೇ. ನಿನ್ನ ನೋಡಿ ನೋಡಿ ನನಗೇ ಕಾಲು ನೋಯ್ತಿದೆ” ಎಂದಳು ತಂಗಿ. ಆಮೇಲೆ ದನಿ ತಗ್ಗಿಸಿದಳು. “ರಾತ್ರಿ ಮೋರಿ ಕಡೆ ಮಷಿನ್ ಗುರುಗುಟ್ತಿತ್ತು. ಕೇಳಿಸ್ಲಿಲ್ವಾ?”

“ಸತ್ತ ಹಾಗೆ ಮಲಗಿದ್ದೆ. ಏನೋ ರಿಪೇರಿ ಇರ್ಬೇಕು ಬಿಡು.”

“ರಿಪೇರಿ ಆಗಿದ್ರೆ ಹಗಲಲ್ಲಿ ಮಾಡ್ತಿದ್ರು, ಫೋಟೋ ತೆಗೆಸ್ಕೊಂಡು.”

ಕೂಗಕ್ಕ ಮೆಟ್ಟಿಲು ಹತ್ತಿ ನೋಡಿದಳು. ಮೋರಿಗೆ ಬಾಯಿ ಇರಲಿಲ್ಲ. ದಪ್ಪ ದಪ್ಪ ಬಂಡೆಕಲ್ಲು ತುರುಕಿ, ಸಂದಿಗೆಲ್ಲ ಮರಳಿನ ಚೀಲ ಗಿಡಿದಿದ್ದರು. ಮೇಲೆ ಜಲ್ಲಿ ಹರಡಿ ಮಟ್ಟ ಮಾಡಿದ್ದರು. ಆ ದಿನ ಗ್ಯಾಂಗು ಮಾಲು ಹಾಕಬೇಕಾಗಿದ್ದ ಜಾಗ ಅದೇ. ಹಳೇ ಮೋರಿ ದೊಡ್ಡ ಮಷಿನ್ನಿನ ಭಾರ ತಡೆಯುವುದಿಲ್ಲವೆಂದು ಅಷ್ಟು ತುಂಡು ಕೈಯಲ್ಲೇ ಹಾಕಬೇಕೆಂದು ಹೇಳಿದ್ದರು. ಮುಚ್ಚುತ್ತೇವೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಮೇಸ್ತ್ರಿ ಇವಳನ್ನು ನೋಡಿ ಮುಖ ತಿರುಗಿಸಿದ. ಅವನೂ ಕೇರಿಯವನೇ.

“ಏನೋ ಇದು?”

“ಅಕ್ಕಾ, ಬೆಳಗ್ಗೆ ಬೆಳಗ್ಗೆ ಶುರು ಮಾಡ್ಬೇಡ. ಮೇಲಿಂದ ಬಂದಿರೋ ಆರ್ಡರ್ರು.”

“ನಿನ್ನ ಮನೆ ಎಲ್ಲಿದೆ?”

“ಗೊತ್ತಿದ್ದೂ ಯಾಕೆ ಕೇಳ್ತೀಯ?”

“ಬಾಯಿಬಿಟ್ಟು ಹೇಳು.”

“ಇಲ್ಲೇ. ಕೇರೀಲಿ.” ಮೇಸ್ತ್ರಿ ಕಾಲಿನಿಂದ ಒಂದು ಕಲ್ಲು ಒದ್ದ. “ನಾನೇನು ಮಾಡ್ಲಿ ಹೇಳು? ಬೇಡ ಅಂದ್ರೆ ನಾಳೆ ಬೇರೆ ಮೇಸ್ತ್ರಿ ಬರ್ತಾನೆ.”

ಜೀಪಿನ ನೆರಳಲ್ಲಿ ಇಂಜಿನಿಯರಮ್ಮ ನಿಂತಿದ್ದಳು. ಚಿಕ್ಕ ವಯಸ್ಸು, ಮೆಲುದನಿ. ಗ್ಯಾಂಗಿನವರಿಗೆ ನೀರು ಕುಡಿದಿರಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ. ಅವಳನ್ನು ಕಂಡದ್ದೇ ಕೂಗಕ್ಕನಿಗೆ ಹೋದ ತಿಂಗಳಿನ ಶಾಮಿಯಾನ ನೆನಪಾಯಿತು.

ಹೆದ್ದಾರಿ ಕೆಲಸಕ್ಕೆಂದು ಮಾಡಿದ ದೊಡ್ಡ ಸಭೆ ಅದು, ಇಂಜಿನಿಯರಮ್ಮನೂ ವೇದಿಕೆಯ ಮೇಲಿದ್ದಳು. ಗ್ಯಾಂಗಿನವರಿಗೆ ಹೊಸ ಜಾಕೀಟು ಹಾಕಿಸಿ ಹಿಂದೆ ನಿಲ್ಲಿಸಿದ್ದರು. ಸೂಟು ಹಾಕಿದವನೊಬ್ಬ ಪರದೆಯ ಮೇಲೆ ನಕ್ಷೆ ತೋರಿಸಿ ಮಾತಾಡಿದ. ಬಿಸಿಲಿಗೆ ರಸ್ತೆ ಕರಗಿದರೆ ಇಷ್ಟು ನಷ್ಟ. ಮಳೆಗೆ ಕೊಚ್ಚಿಹೋದರೆ ಇಷ್ಟು ನಷ್ಟ. ಲಾರಿ ನಿಂತರೆ, ಸರಕು ಕೊಳೆತರೆ, ಟೈರು ಸವೆದರೆ, ಕಾರಿನವರು ಕಚೇರಿಗೆ ತಡವಾಗಿ ಹೋದರೆ ಇಷ್ಟಿಷ್ಟು ನಷ್ಟ. ನಷ್ಟವಾಗುವ ಜಾಗಕ್ಕೆಲ್ಲ ಕೆಂಪು ಬಳಿದಿದ್ದರು. ಗೋದಾಮು ಕೆಂಪು, ಲಾರಿ ನಿಲ್ದಾಣ ಕೆಂಪು, ಪೆಟ್ರೋಲ್ ಬಂಕು ಕೆಂಪು. ಹೆದ್ದಾರಿಯ ಪಕ್ಕದಲ್ಲಿ ಒಂದೇ ಒಂದು ಚೂರು ನೀಲಿ. ‘ನಮ್ಮೂರಲ್ಲಿ ಕೆರೆ ಎಲ್ಲಿದೆಯೋ?’ ಎಂದು ಕೂಗಕ್ಕ ಪಕ್ಕದವನನ್ನು ತಿವಿದು ನಕ್ಕಿದ್ದಳು. ಆಮೇಲೆ ಅವಳನ್ನೇ ಮೈಕಿನ ಮುಂದೆ ನಿಲ್ಲಿಸಿ ಕೂಗಿಸಿದರು, ಫಿಲಂ ತೆಗೆದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೂ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಮೂರು ದಿನ ಅದನ್ನೇ ಹೇಳಿಕೊಂಡು ತಿರುಗಿದ್ದಳು.

“ಅಮ್ಮಾ, ಆ ನಕ್ಷೇಲಿ ನೀಲಿ ಚೂರು ಇತ್ತಲ್ಲ” ಎಂದು ಈಗ ಕೇಳಿದಳು. “ಅದು ಯಾವ ಜಾಗ?”

ಇಂಜಿನಿಯರಮ್ಮ ತಲೆ ತಗ್ಗಿಸಿದಳು. “ಕೂತ್ಕೊಳ್ಳಿ, ಹೇಳ್ತೀನಿ.”

“ನಿಂತೇ ಕೇಳ್ತೀನಿ.”

“ನೀರು ನಿಲ್ಲುವ ಜಾಗ ಅಂತ ಗುರುತು ಅದು. ನಿಮ್ಮ ಕೇರಿ.”

ಕೂಗಕ್ಕ ತಿರುಗಿ ತನ್ನ ಮನೆಯ ಕಿಟಕಿ ನೋಡಿದಳು.

“ಬಿಸಿಲು ತಾಳೋ ಹೊಸ ಡಾಂಬರು ದುಬಾರಿ ಅಮ್ಮ. ದುಡ್ಡೆಲ್ಲ ಅದಕ್ಕೇ ಹೋಯ್ತು. ದೊಡ್ಡ ಮೋರಿ ಬೇಕು ಅಂತ ನಾನೇ ಬರೆದಿದ್ದೆ, ತೆಗೆದುಹಾಕಿದ್ರು. ಹಳೇದನ್ನ ಹಾಗೇ ಬಿಟ್ರೆ ನೀರು ರಸ್ತೆ ಬುಡ ಕೊರೆಯುತ್ತೆ, ಆಚೆ ಗೋದಾಮಿಗೆ ನುಗ್ಗುತ್ತೆ. ನೀರು ಎಲ್ಲಾದ್ರೂ ಒಂದು ಕಡೆ ನಿಲ್ಲಬೇಕಲ್ಲ. ಎಲ್ಲಿ ನಿಂತ್ರೆ ನಷ್ಟ ಕಮ್ಮಿ ಅಂತ ಲೆಕ್ಕ ಹಾಕ್ತಾರೆ.”

“ನಮ್ಮ ಮನೇಲಿ ನಿಂತ್ರೆ ಕಮ್ಮಿ.”

ಇಂಜಿನಿಯರಮ್ಮ ಕೈಯಲ್ಲಿದ್ದ ಕಾಗದ ಮಡಿಸಿದಳು.

“ಒಳಗೆ ನನ್ನ ತಂಗಿ ಮಲಗಿದಾಳೆ. ಎದ್ದು ಓಡೋಕೆ ಕಾಲಿಲ್ಲ. ಅವಳು ಎಷ್ಟು ಬಾಳ್ತಾಳೆ ನಿಮ್ಮ ಲೆಕ್ಕದಲ್ಲಿ?”

“ಆ ಲೆಕ್ಕಕ್ಕೆ ಜನರನ್ನ ಹಿಡಿಯೋದಿಲ್ಲಮ್ಮ. ಬರೀ ಆಸ್ತಿ.”

“ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

ಗೊತ್ತಿರಲಿಲ್ಲ ಎಂದಿದ್ದರೆ ಕೂಗಕ್ಕ ಕೂಗಾಡಿ, ಅತ್ತು, ಕೈ ಮುಗಿದು ಹೇಗೋ ಮಾಡುತ್ತಿದ್ದಳು. ಗೊತ್ತಿದ್ದವರ ಮುಂದೆ ಏನೆಂದು ಅಳುವುದು? ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗಿದಳು. ಮನೆ ಎನ್ನುವುದನ್ನು ಕೆರೆ ಎಂದು ಬರೆದುಬಿಟ್ಟರೆ ಒಳಗಿದ್ದವರು ಮೀನಾಗಿಬಿಡುತ್ತಾರೆಯೇ? ಥೂ.

ಅಷ್ಟರಲ್ಲಿ ಲಾರಿ ಬಂತು. ಹಿಂದಕ್ಕೆ ಬಂದು, ತೊಟ್ಟಿ ಎತ್ತಿ, ಮೋರಿಯ ತಲೆಯ ಮೇಲೆ ಮಾಲು ಸುರಿಯಿತು. ಭುಸ್ಸೆಂದು ಹೊಗೆ ಎದ್ದಿತು. ಗ್ಯಾಂಗಿನವರು ಅಭ್ಯಾಸದಂತೆ ಎರಡು ಸಾಲಾಗಿ ನಿಂತು ಸಲಿಕೆ ಹಿಡಿದರು. ಹಿಂದೆ ಸಣ್ಣ ರೋಲರಿನ ಮೇಲೆ ಕೂತ ರೋಲರ್ ತಾತ ಇಂಜಿನ್ನು ಬಡಿಸುತ್ತಾ ಕಾದ. ಎಲ್ಲರ ಕಿವಿ ಕೂಗಕ್ಕನ ಕಡೆ.

ಕೂಗಕ್ಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಮುಖ ಒರೆಸಿಕೊಂಡಳು. ಮೋರಿಯ ಬಾಯಿಗೆ ತುರುಕಿದ್ದ ಬಂಡೆಯ ಮೇಲೆ ಹೋಗಿ ಕೂತಳು.

“ಅಕ್ಕಾ, ಮಾಲು ಆರುತ್ತೆ” ಎಂದ ಮೇಸ್ತ್ರಿ.

“ಆರ್ಲಿ.”

“ಏನೇ ಇದು?”

“ನಾನು ಕೂಗಲ್ಲ.”

ಅಷ್ಟೇ ಹೇಳಿದ್ದು. ಸಲಿಕೆಗಳು ಹಿಡಿದಂತೆಯೇ ನಿಂತವು. ಮೇಸ್ತ್ರಿ ಫೋನು ಹಿಡಿದು ಓಡಿದ.

ಕಂಟ್ರಾಕ್ಟರಿನ ಕಾರು ಧೂಳೆಬ್ಬಿಸಿಕೊಂಡು ಬಂತು. ಇಳಿಯುವಾಗಲೇ ಬಾಯಿ ಶುರು. “ಏನೇ ನಿನ್ನ ಕಥೆ? ಏಳೇ ಮೇಲೆ! ಒಂದು ಲೋಡು ಗಟ್ಟಿಯಾದ್ರೆ ಯಾರಪ್ಪನ ಗಂಟು ಹೋಗೋದು?”

“ಮೋರಿ ಬಿಡಿಸಿ. ಆಮೇಲೆ ಕೂಗ್ತೀನಿ.”

“ಮೋರಿಯಂತೆ ಮೋರಿ!” ಅವನು ಗ್ಯಾಂಗಿನ ಕಡೆ ತಿರುಗಿ ಜೋರಾಗಿ ನಕ್ಕ. “ನಿಮ್ಮ ಮನೆಗೆ ನೀರು ನುಗ್ಗೋದು ಮೋರಿಯಿಂದಲ್ಲ ಕಣ್ರೋ. ಕೊನೇ ಬಾಂಡ್ಲಿ, ಕೊನೇ ಬಾಂಡ್ಲಿ ಅಂತ ನನ್ನ ಮಾಲು ಬಳ್ಕೊಂಡು ಹೋಗಿ ಬೀದಿ ಏರಿಸಿಕೊಂಡ್ರಲ್ಲ, ಅದರಿಂದ. ದಡ್ಡ ಮುಂಡೇವು. ಕದ್ದ ಮಾಲಲ್ಲಿ ನಿಮ್ಮ ಗುಂಡಿ ನೀವೇ ತೋಡ್ಕೊಂಡ್ರಿ. ಈಗ ನನ್ನ ಮೇಲೆ ಹಾರಾಡ್ತೀರಾ?”

ಮುಖಕ್ಕೆ ಹೊಡೆದ ಹಾಗಾಯಿತು. ಹೌದಲ್ಲ. ಓಡೋಡಿ ತಂದು ಸುರಿದಿದ್ದರು. ಬಿಸಿ ಬಾಂಡ್ಲಿ ಹೊತ್ತು ನೆತ್ತಿ ಸುಟ್ಟುಕೊಂಡಿದ್ದರು. ತಂಗಿಯೂ ಸುರಿದಿದ್ದಳು, ಆಗ ಅವಳಿಗೆ ಕಾಲಿದ್ದವು. ಗ್ಯಾಂಗಿನಲ್ಲಿ ಕೆಲವರು ನೆಲ ನೋಡಿದರು. ಕೂಗಕ್ಕನೂ ಕೇರಿಯ ಬೀದಿಯ ಕಡೆ ನೋಡಿದಳು.

ಆಮೇಲೆ ಕಂಟ್ರಾಕ್ಟರಿನ ಕಡೆ ತಿರುಗಿದಳು. “ಹೌದು ಸ್ವಾಮಿ, ಏರಿಸಿದ್ವಿ. ನಾವು ಏರಿಸಿದ್ದಕ್ಕೆ ನಾವೇ ನೀರು ಕುಡಿದ್ವಿ. ಆ ನೀರನ್ನ ನಿಮ್ಮ ಮನೆಗೆ ಕಳಿಸಿದ್ವಾ? ನಿಮ್ಮ ಮನೆಯವರು ಮಲಗಿರೋ ಮಂಚಕ್ಕೆ ಕಳಿಸಿದ್ವಾ?”

“ಬಾಯಿ ಮುಚ್ಚೇ!”

“ಮುಚ್ಚಿದೀನಲ್ಲ. ಅದಕ್ಕೇ ತಾನೇ ನಿಮಗೆ ಉರಿ.”

ಯಾರೋ ಕಿಸಕ್ಕೆಂದರು. ಕಂಟ್ರಾಕ್ಟರ್ ಕೆಂಪಗಾದ. “ಏ ಮೇಸ್ತ್ರಿ, ನೀನು ಕೂಗೋ!”

ಮೇಸ್ತ್ರಿ ಒಂದು ಸಲಿಕೆ ಹಿಡಿದು ನಿಂತು, ಗಂಟಲು ಸರಿ ಮಾಡಿಕೊಂಡು ‘ಎಳೆಯೋ’ ಎಂದ. ಕರು ಕಳೆದುಕೊಂಡ ಹಸುವಿನ ದನಿ ಬಂತು. ರೋಲರ್ ತಾತ ಮೇಲಿನಿಂದ, “ಅಯ್ಯೋ, ಯಾರೋ ನರಳ್ತಿದಾರೆ, ನೀರು ಕೊಡ್ರಪ್ಪಾ” ಎಂದ. ಗ್ಯಾಂಗಿಗೆ ಗ್ಯಾಂಗೇ ನಕ್ಕುಬಿಟ್ಟಿತು. ಮೇಸ್ತ್ರಿಯೂ ನಾಚಿಕೆಯಿಂದ ಹಲ್ಲು ಬಿಟ್ಟ. ಮಾಲಿನ ಹೊಗೆ ತೆಳ್ಳಗಾಗುತ್ತಾ ಬಂದಿತ್ತು. ದಿಣ್ಣೆಯ ಮೇಲಿನ ಮೋಡ ಕಪ್ಪಿಟ್ಟು ಈ ಕಡೆಗೇ ಬರುತ್ತಿತ್ತು.

ಆಗ ಕಂಟ್ರಾಕ್ಟರಿಗೆ ಒಂದು ಬುದ್ಧಿ ಹೊಳೆಯಿತು. ಫೋನು ತೆಗೆದು ಏನೋ ಹುಡುಕಿದ. ಜೀಪಿನ ಮೇಲಿನ ಧ್ವನಿವರ್ಧಕಕ್ಕೆ ಅದನ್ನು ಸಿಕ್ಕಿಸಿದ.

‘ಎಳೆಯೋ ಎಳೆ!’

ಕೂಗಕ್ಕನ ದನಿ. ಶಾಮಿಯಾನದಲ್ಲಿ ಹಿಡಿದುಕೊಂಡ ದನಿ. ಕೇರಿಯ ಈ ತುದಿಯಿಂದ ಆ ತುದಿಗೆ ಕೇಳುವಷ್ಟು ಜೋರು.

ಗ್ಯಾಂಗಿನ ತೋಳುಗಳು ಜುಮ್ಮೆಂದವು. ಇಷ್ಟು ವರ್ಷದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಸಲಿಕೆಗಳು ಒಂದು ಗೇಣು ಮೇಲೆದ್ದವು. ಕಲ್ಲಿನ ಮೇಲೆ ಕೂತ ಕೂಗಕ್ಕನ ಕೈಯೇ ಅರ್ಧ ಎದ್ದಿತು. ತನ್ನ ದನಿಯೇ ತನ್ನ ಮನೆ ಮುಳುಗಿಸಲು ಕೂಗುತ್ತಿದೆ. ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಯಾರಾದರೂ ಒಬ್ಬರು ಹೈಸಾ ಎಂದರೆ ಮುಗಿಯಿತು, ಒಬ್ಬರ ಹಿಂದೆ ಎಲ್ಲರ ಬಾಯಿಯೂ ಬಿಡುತ್ತದೆ, ಸಲಿಕೆಗಳು ಬೀಳುತ್ತವೆ. ಅವಳು ಒಬ್ಬೊಬ್ಬರ ಬಾಯಿಯನ್ನೇ ನೋಡಿದಳು.

ಕೂಗಿನ ನಂತರ ಫಿಲಂನವರು ಗ್ಯಾಂಗಿನ ಹೈಸಾ ತೆಗೆದುಹಾಕಿ ಅಲ್ಲಿ ವಾದ್ಯದ ಸದ್ದು ತುಂಬಿದ್ದರು. ಟಿಂವ್ ಟಿಂವ್ ಎಂದು ಏನೋ ಬಂತು. ಮತ್ತೆ ‘ಎಳೆಯೋ ಎಳೆ!’ ಮತ್ತೆ ಟಿಂವ್ ಟಿಂವ್.

ಯಾರೂ ಹೈಸಾ ಎನ್ನಲಿಲ್ಲ.

ಮೇಸ್ತ್ರಿ ಮೊದಲು ಸಲಿಕೆ ಇಳಿಸಿದ. ಹೌದು, ಆ ಮೇಸ್ತ್ರಿಯೇ. ಅವನ ಪಕ್ಕದವನು ಇಳಿಸಿದ. ಠಣ್ ಠಣ್ ಎಂದು ಒಂದೊಂದೇ ನೆಲಕ್ಕೆ ಬಿದ್ದವು. ರೋಲರ್ ತಾತ ಇಂಜಿನ್ನು ನಿಲ್ಲಿಸಿದ. ಧ್ವನಿವರ್ಧಕದಲ್ಲಿ ಆ ಹೆಂಗಸು ಮಾತ್ರ ಒಬ್ಬಳೇ ಕೂಗುತ್ತಿದ್ದಳು. ಮಾಲು ಹೊಗೆ ಬಿಡುವುದನ್ನು ನಿಲ್ಲಿಸಿ ಗುಡ್ಡೆಯಾಗಿಯೇ ಗಟ್ಟಿಯಾಯಿತು. ಕಂಟ್ರಾಕ್ಟರ್ ಅದನ್ನು ಕಾಲಿನಿಂದ ಒದ್ದ, ಕಾಲು ಹಿಡಿದುಕೊಂಡು ಕುಣಿದ.

“ಒಬ್ಬೊಬ್ಬರನ್ನೂ ಒಳಗೆ ಹಾಕಿಸ್ತೀನಿ! ಪೋಲೀಸ್ ಕರೀತೀನಿ!”

ಅವನು ಕರೆಯುವ ಮೊದಲೇ ಮಳೆ ಬಂತು. ಹನಿ ಹನಿ ಎಂದು ಶುರುವಾಗಲಿಲ್ಲ, ಕೊಡ ಕವುಚಿದಂತೆ ಸುರಿಯಿತು. ಜೀಪಿನ ಧ್ವನಿವರ್ಧಕ ಗೊರ್ರೆಂದು ಸತ್ತಿತು. ಇಂಜಿನಿಯರಮ್ಮ ಜೀಪಿನೊಳಗೆ ಕೂತು ಗಾಜು ಏರಿಸಿಕೊಂಡಳು. ದಿಣ್ಣೆಯಿಂದ ಕೆಂಪು ನೀರು ಇಳಿಯಿತು. ಕೇರಿಯೊಳಗೆ ಬಂತು, ಕನ್ನಡಿಯಂಥ ಬೀದಿಯ ಮೇಲೆ ಜಾರಿತು, ಬಾಗಿಲು ಕಂಡಲ್ಲೆಲ್ಲ ಇಳಿಯಿತು. ಮೋರಿಗೆ ಬಂದು ಹಣೆ ಚಚ್ಚಿಕೊಂಡು ಹಿಂದಕ್ಕೆ ತಿರುಗಿತು.

ಕೂಗಕ್ಕ ಕಿವಿಗೊಟ್ಟಳು. ಗಳಗಳ ಸದ್ದಿಲ್ಲ. ನೀರು ಸದ್ದಿಲ್ಲದೆ ಏರುತ್ತಿತ್ತು. ತನ್ನ ಮನೆಯ ಕಿಟಕಿಯ ಕೆಳಗಂಚು ಕಾಣುತ್ತಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಅದೂ ಕಾಣುವುದಿಲ್ಲ. ಒಳಗೆ ಮಂಚ. ಮಂಚದ ಮೇಲೆ ತಂಗಿ. ಹೊತ್ತು ತರಬಹುದು, ಸರಿ. ತಂದು ಎಲ್ಲಿ ಇಡುವುದು? ನಾಳೆ ಎಲ್ಲಿ? ಮುಂದಿನ ಮಳೆಗೆ ಎಲ್ಲಿ? ಕೇರಿಯ ಎಷ್ಟು ಜನರನ್ನು ಹೊತ್ತು ತರುವುದು?

ಅವಳು ಪಕ್ಕದಲ್ಲಿ ಬಿದ್ದಿದ್ದ ಗ್ಯಾಂಗಿನ ಹಾರೆ ಎತ್ತಿಕೊಂಡು ಬಂಡೆಯಿಂದ ಇಳಿದಳು. ನೀರು ತೊಡೆಯವರೆಗೆ ಬಂತು. ಕೂತಿದ್ದ ಆ ಬಂಡೆಯ ಸಂದಿಗೇ ಹಾರೆ ಹಾಕಿದಳು. ತಲೆ ಎತ್ತಿ, ಮಳೆ ಬಾಯೊಳಗೆ ಬೀಳುತ್ತಿದ್ದಂತೆ, ಇದ್ದ ಗಂಟಲೆಲ್ಲ ಬಿಟ್ಟು ಕೂಗಿದಳು.

“ಎಳೆಯೋ ಎಳೆ!”

ಮೇಲೆ ನಿಂತವರಿಗೆ ಒಂದು ಗಳಿಗೆ ಏನೂ ತೋಚಲಿಲ್ಲ. ಇಷ್ಟು ಹೊತ್ತು ಬಿಗಿಹಿಡಿದ ಬಾಯಿಗಳು ಅಷ್ಟು ಬೇಗ ಬಿಡಲಿಲ್ಲ.

ಓಗೊಟ್ಟದ್ದು ಕೆಳಗಿನಿಂದ. ಕಿಟಕಿಯೊಳಗಿನಿಂದ. ಕಾಲಿಲ್ಲದಿದ್ದರೇನು, ಮೊದಲಿನಷ್ಟೇ ಗಟ್ಟಿ ಬಾಯಿ.

“ಹೈಸಾ!”

ಆಗ ಇಳಿದರು ನೋಡಿ. ಮೇಸ್ತ್ರಿ ಇಳಿದ, ಸಲಿಕೆಯವರು ಇಳಿದರು, ರೋಲರ್ ತಾತ ಸರಪಳಿ ಎಳೆದುಕೊಂಡು ಇಳಿದ. ಸೊಂಟದ ನೀರಿನಲ್ಲಿ ಮೈಗೆ ಮೈ ಒತ್ತಿ ನಿಂತರು. ಕೂಗು, ಹೈಸಾ. ಒಂದು ಚೀಲ ಹರಿಯಿತು. ಕೂಗು, ಹೈಸಾ. ಒಂದು ಬಂಡೆ ಅಲುಗಿತು. ಉಗುರು ಕಿತ್ತುಬಂದವರಿಗೆ ಕಿತ್ತದ್ದು ಗೊತ್ತಾಗಲಿಲ್ಲ. ಬಂಡೆ ಉರುಳಿ ಬಿದ್ದಾಗ ಒಳಗೆಲ್ಲೋ ಸಣ್ಣಗೆ ಗಳ್ ಎಂದಿತು.

ಕಂಟ್ರಾಕ್ಟರ್ ಹೆದ್ದಾರಿಯ ಅಂಚಿಗೆ ಬಂದು, ಕೊಡೆ ಹಾರಿಹೋದರೂ ಬಿಡದೆ, ಕೈ ಬೀಸಿ ಬೀಸಿ ಕಿರುಚಿದ. “ನಿಲ್ಸ್ರೋ! ನೀರು ಆಚೆಗೆ ಹೋಗುತ್ತೆ! ಗೋದಾಮಿಗೆ ಹೋಗುತ್ತೆ ಕಣ್ರೋ! ಎಷ್ಟು ನಷ್ಟ ಗೊತ್ತೇನ್ರೋ!”

ಕೂಗಕ್ಕ ಕತ್ತೆತ್ತಿ ಅವನನ್ನು ನೋಡಿದಳು.

“ಹೋಗ್ಲಿ. ಸ್ವಲ್ಪ ಹೊತ್ತು ಅಲ್ಲೂ ನಿಲ್ಲಲಿ” ಎಂದಳು.

ಇನ್ನೂ ಒಂದು ಬಂಡೆ ಉಳಿದಿತ್ತು. ಅವಳು ಅದರ ಬುಡಕ್ಕೆ ಹಾರೆ ಕೊಟ್ಟು, ಮತ್ತೆ ಕೂಗಿದಳು.